ಇಸ್ತ್ರಿ ಅಂಗಡಿಗೆ ಹೋದ ಮೇಷ್ಟ್ರು

ಉತ್ತರ ತಪ್ಪಿದ್ದರೂ ಲೆಕ್ಕದ ದಾರಿ ಸರಿಯಿದ್ದರೆ ಅರ್ಧ ಅಂಕ ಕೊಡುತ್ತಿದ್ದುದರಿಂದ ಮಕ್ಕಳು ಅವರಿಗೆ ‘ಅರ್ಧ ಮಾರ್ಕ್ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಮೂವತ್ತೊಂದು ವರ್ಷ ಗಣಿತ ಕಲಿಸಿದವರು. ಬೆತ್ತದ ಕಾಲವನ್ನೂ ಕಂಡಿದ್ದರು. ಅದು ಹೋದಾಗ ಪೀಡೆ ತೊಲಗಿತು ಎಂದು ಸಂತೋಷಪಟ್ಟಿದ್ದರು. ಆದರೆ ಬೆತ್ತ ಹೋದ ಜಾಗಕ್ಕೆ ಟ್ಯಾಬ್ ಬಂದು ಕೂತಿತು. ಮಗು ತಪ್ಪು ಮಾಡಿದರೆ ಗದರುವಂತಿಲ್ಲ, ಪಕ್ಕಕ್ಕೆ ಕರೆದು ಬುದ್ಧಿ ಹೇಳುವಂತೆಯೂ ಇಲ್ಲ. ಟ್ಯಾಬಿನಲ್ಲಿ ಕೆಂಪು ಚುಕ್ಕೆ ಒತ್ತಬೇಕು, ಅಷ್ಟೇ. ಒಂಬತ್ತು ಚುಕ್ಕೆಯಾದರೆ ಮೂರು ದಿನ ಶಾಲೆಗೆ ಬರುವಂತಿಲ್ಲ. ಮಕ್ಕಳು ಕೂರುವುದೂ ಹಾಜರಿ ಪುಸ್ತಕದ ಕ್ರಮದಲ್ಲೇ.

“ಮಕ್ಕಳೇನು ಟ್ರಾಫಿಕ್ ಸಿಗ್ನಲ್ಲಾ?” ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಗೊಣಗುತ್ತಿದ್ದರು. ಗೊಣಗುತ್ತಲೇ ಒತ್ತುತ್ತಿದ್ದರು ಕೂಡ. ನೌಕರಿ ಅಂದಮೇಲೆ ಇನ್ನೇನು ಮಾಡುವುದು?

ಆರನೇ ತರಗತಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎರಡೇ ತಿಂಗಳಲ್ಲಿ ಒಂಬತ್ತು ಮುಟ್ಟಿದಳು. ‘ಕರೆದರೆ ಉತ್ತರಿಸುವುದಿಲ್ಲ’, ‘ಪಾಠದ ನಡುವೆ ಪಕ್ಕದವಳ ಜೊತೆ ಮಾತು’ ಎಂಬಂಥ ದೂರುಗಳೇ ಎಲ್ಲ. ಅದರಲ್ಲಿ ನಾಲ್ಕು ಚುಕ್ಕೆ ಮೇಷ್ಟ್ರೇ ಹಾಕಿದ್ದು. ಮರುದಿನ ಕಿಟಕಿ ಪಕ್ಕದ ಅವಳ ಜಾಗ ಖಾಲಿಯಿತ್ತು. ಮೇಷ್ಟ್ರಿಗೆ ಯಾಕೋ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಸಂಜೆ ವಿಳಾಸ ಹುಡುಕಿಕೊಂಡು ಹೊರಟರು.

ಅವಳ ಅಜ್ಜಿಯದು ಇಸ್ತ್ರಿ ಅಂಗಡಿ. ಹುಡುಗಿ ಬೆನ್ನು ಹಾಕಿ ಅಂಗಿಗಳನ್ನು ಮಡಚುತ್ತಿದ್ದಳು. ಮೇಷ್ಟ್ರು ಎಡಗಡೆ ನಿಂತು ಎರಡು ಸಲ ಕರೆದರು, ತಿರುಗಲಿಲ್ಲ. ಎಷ್ಟು ಸೊಕ್ಕು ನೋಡು ಎಂದುಕೊಳ್ಳುವಷ್ಟರಲ್ಲಿ ಅಜ್ಜಿ ಅಂದಳು:

“ಆ ಕಡೆಯಿಂದ ಕರೆದ್ರೆ ಅವಳಿಗೆ ಕೇಳ್ಸಲ್ಲ ಸಾರ್. ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಹೋಯ್ತು. ಸೇರಿಸುವಾಗ ಅರ್ಜೀಲಿ ಬರೆಸಿದ್ನಲ್ಲ?”

ಆ ಅರ್ಜಿ ಶಾಲೆಯ ಆಫೀಸಿನ ಬೀರುವಿನಲ್ಲಿತ್ತು. ಅದರಲ್ಲಿದ್ದುದನ್ನು ಕಂಪ್ಯೂಟರಿಗೆ ಏರಿಸುವಾಗ ಕಿವಿಯ ವಿಷಯ ತುಂಬಲು ಅಲ್ಲಿ ಜಾಗವೇ ಇರಲಿಲ್ಲ. ಅಂದರೆ ತಪ್ಪಿಹೋದ ಮಾತನ್ನೇ ಹುಡುಗಿ ಪಕ್ಕದವಳ ಹತ್ತಿರ ಕೇಳುತ್ತಿದ್ದಳು.

“ನಾಲ್ಕು ಚುಕ್ಕೆ ನಾನೇ ಹಾಕಿದ್ದಮ್ಮ,” ಎಂದರು ಮೇಷ್ಟ್ರು.

ಅಜ್ಜಿ ಬೈಯುತ್ತಾಳೆಂದೇ ತಲೆ ತಗ್ಗಿಸಿದ್ದರು. ಅವಳು ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು ಸ್ಟೂಲು ಎಳೆದಳು. “ಕೂತ್ಕೊಳ್ಳಿ. ಸ್ಕೂಲಿಂದ ಮೆಸೇಜ್ ಬರ್ತಾನೇ ಇರುತ್ತೆ. ಮನುಷ್ಯರು ಬಂದಿದ್ದು ಇದೇ ಮೊದಲು.”

ಮೇಷ್ಟ್ರು ಹುಡುಗಿಯ ಬಲಕ್ಕೆ ಕೂತರು. ಕರವಸ್ತ್ರ ಮಡಚಿ ಅರ್ಧ, ಕಾಲು, ಅರೆಕಾಲು ಎಂದು ಆ ದಿನ ತಪ್ಪಿದ್ದ ಪಾಠವನ್ನು ಇಸ್ತ್ರಿ ಮೇಜಿನ ಮೇಲೆಯೇ ಮುಗಿಸಿದರು.

ಮಾರನೆಯ ದಿನ ಹೆಡ್‌ಮೇಡಂ ಎಲ್ಲ ಕೇಳಿ ಹಣೆ ಒತ್ತಿಕೊಂಡರು. “ಚುಕ್ಕೆ ಅಳಿಸೋಕೆ ನನಗೂ ಆಗಲ್ಲ ಮೇಷ್ಟ್ರೇ. ಮೇಲಿನವರ ಪಾಸ್‌ವರ್ಡ್ ಬೇಕು.” ಆಮೇಲೆ ಬಿಳಿ ಹಾಳೆ ತೆಗೆದುಕೊಂಡು ಬರೆದರು: ‘ವಿದ್ಯಾರ್ಥಿನಿ ನಾಳೆಯಿಂದಲೇ ತರಗತಿಗೆ ಬರಲಿ. ಜವಾಬ್ದಾರಿ ನನ್ನದು.’ ಇದಕ್ಕಾಗಿ ಅವರಿಗೆ ಮೇಲಿನಿಂದ ನೋಟಿಸ್ ಬಂದದ್ದು ಮೇಷ್ಟ್ರಿಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಹುಡುಗಿ ಬಂದಾಗ ಬಲಗಿವಿ ತರಗತಿಯ ಕಡೆಗಿರುವಂತೆ ಅವಳನ್ನು ಮೇಷ್ಟ್ರು ಕಿಟಕಿಗೆ ಎದುರಾಗಿರುವ ಗೋಡೆಯ ಪಕ್ಕ ಕೂರಿಸಿದರು. ಎಲ್ಲರ ಮುಂದೆ, “ತಪ್ಪು ನಂದು,” ಎಂದರು.

“ನಾನೂ ಹೇಳ್ಬೇಕಿತ್ತು ಸಾರ್. ನಾಚಿಕೆ ಆಗ್ತಿತ್ತು,” ಎಂದಳು.

ನಿಯಮ ಬದಲಾಗಲಿಲ್ಲ. ತರಬೇತಿಯೊಂದರಲ್ಲಿ ಮೇಷ್ಟ್ರು ಎದ್ದು ನಿಂತು, “ಚುಕ್ಕೆ ಪಕ್ಕ ‘ಮಗು ಯಾಕೆ ಹೀಗೆ ಮಾಡ್ತು’ ಅಂತ ಒಂದು ಕಾಲಂ ಸೇರಿಸಿ,” ಎಂದರು. ಬರೆದುಕೊಂಡವರು ಬರೆದುಕೊಂಡರು, ಅಷ್ಟೇ. ಆಮೇಲೆ ಪ್ರತಿ ವರ್ಷ ಮೊದಲ ತಿಂಗಳು ಮಕ್ಕಳ ಮನೆಗೆ ಹೋಗುವುದನ್ನು ಮೇಷ್ಟ್ರು ರೂಢಿ ಮಾಡಿಕೊಂಡರು. ಶನಿವಾರ ಮಧ್ಯಾಹ್ನ ಬಿಡುವು ಮಾಡಿಕೊಟ್ಟವರು ಹೆಡ್‌ಮೇಡಂ.

“ಆ ಚುಕ್ಕೆಗಳ ಮೇಲೆ ಇನ್ನೂ ಸಿಟ್ಟಿದೆಯಾ?” ಎಂದು ಹೆಂಡತಿ ಒಮ್ಮೆ ಕೇಳಿದಳು.

“ಇದೆ ಕಣೇ. ಆದ್ರೆ ಆವತ್ತು ಆ ಇಸ್ತ್ರಿ ಅಂಗಡಿ ತಾಯಿ ನನ್ನ ಬೈದು ಅಟ್ಟಿದ್ರೆ, ನಾನು ಇನ್ನೊಂದು ಮನೆ ಬಾಗಿಲು ತಟ್ತಿರಲಿಲ್ಲ. ಅವಳ ಋಣ ದೊಡ್ಡದು,” ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಆ ಶನಿವಾರ ಇನ್ನೂ ಮೂರು ಮನೆ ಬಾಕಿಯಿತ್ತು.