ಪ್ರಾಕ್ಟಿಕಲ್‌ಗೆ ಬಂದ ಅತ್ತೆ

ಕ್ಷಮಿಸುವುದರಿಂದ ಮನಸ್ಸು ಹಗುರಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಎಂದು ನಾನು ಪ್ರತಿ ವರ್ಷ ಬಿ.ಎ. ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಅದಕ್ಕೆ ಸಂಬಳ ಬರುತ್ತದೆ, ಹಾಗಾಗಿ ಮಾಡುತ್ತೇನೆ. ನನ್ನ ಸ್ವಂತ ವಿಷಯ ಬೇರೆ. ನನ್ನ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ನಾನು ಕ್ಷಮಿಸಿಲ್ಲ. ನಿದ್ದೆಯೂ ಚೆನ್ನಾಗಿಯೇ ಬರುತ್ತದೆ.

ನಮ್ಮೂರು ಮೋರಟಗಿ. ಪಿಯುಸಿ ಮುಗಿಸಿ ಸಿಂದಗಿಯಲ್ಲಿ ಬಿ.ಎ. ಸೇರಲು ಹೋದಾಗ, ಇತಿಹಾಸ ಮತ್ತು ಅರ್ಥಶಾಸ್ತ್ರದ ಜೊತೆಗೆ ಮನಃಶಾಸ್ತ್ರ ಬೇಕು ಎಂದೆ. ಕೌಂಟರಿನಲ್ಲಿದ್ದವರು ಪೆನ್ನು ಕೆಳಗಿಟ್ಟು ಅಪ್ಪನ ಮುಖ ನೋಡಿದರು.

"ಹೆಣ್ಣ ಹುಡುಗಿಗಿ ಅದ್ಯಾಕ್ರಿ? ಸಮಾಜಶಾಸ್ತ್ರ ಕೊಡಸ್ರಿ, ಪಾಸಾಗೂದು ಸಲೀಸ ಐತಿ."

"ಅಕಿ ಹೇಳಿದ್ದು ಬರ್ಕೋರಿ," ಅಂದ ಅಪ್ಪ.

ಅಪ್ಪ ನನ್ನ ಪರವಾಗಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಕೊನೆ. ಅದನ್ನು ನಾನು ಮರೆತಿಲ್ಲ, ಆಮೇಲೆ ನಡೆದದ್ದನ್ನೂ ಮರೆತಿಲ್ಲ.

ಅತ್ತೆಯದು ಇಂಡಿಯಲ್ಲಿ ನಿಂಬೆ ತೋಟದ ಮನೆ. ಅವಳ ಮಗನಿಗೆ ನನ್ನನ್ನು ತಂದುಕೊಳ್ಳಬೇಕು ಎಂದು ನಾನು ತೊಟ್ಟಿಲಲ್ಲಿ ಇದ್ದಾಗಿನಿಂದ ಹೇಳುತ್ತ ಬಂದಿದ್ದಳು. ಮೊದಲ ವರ್ಷದ ಪರೀಕ್ಷೆ ಮುಗಿದ ಕೂಡಲೇ ನಾಲ್ಕು ಹಿರಿಯರನ್ನು ಕರೆದುಕೊಂಡು ಬಂದು ಕೂತಳು. ಓದು ಅಲ್ಲಿಗೇ ಬಿಡಬೇಕು ಎಂಬ ಮಾತೂ ಬಂತು. ದೊಡ್ಡವರು ಉತ್ತರ ಹುಡುಕುತ್ತಿದ್ದಾಗ ನಾನೇ ಹೊರಗೆ ಬಂದು ಒಲ್ಲೆ ಎಂದೆ. ಹಿರಿಯರ ಎದುರು ಹುಡುಗಿ ಹಾಗೆ ಹೇಳುವುದು ನಮ್ಮ ಕಡೆ ಸಣ್ಣ ಮಾತಲ್ಲ. ಅತ್ತೆ ನಕ್ಕಳು.

"ಹೋಗ್ಲಿ ಬಿಡಣ್ಣ. ಹುಚ್ಚರ ಓದು ಓದೂ ಹುಡುಗಿ ನಮ್ಮನ್ಯಾಗರ ಯಾರಿಗಿ ಬೇಕಾಗೇತಿ?"

ಅಂದಿನಿಂದ ನನ್ನ ವಿಷಯಕ್ಕೆ ಅವಳ ಬಾಯಲ್ಲಿ ಹುಚ್ಚರ ಓದು ಎಂಬುದೇ ಹೆಸರು. ಮನಃಶಾಸ್ತ್ರ ಎಂಬ ಶಬ್ದ ಅವಳ ನಾಲಿಗೆಗೆ ಹತ್ತಲೇ ಇಲ್ಲ. ನಾವು ಓದುತ್ತಿದ್ದದ್ದು ಮಗು ಹೇಗೆ ಮಾತು ಕಲಿಯುತ್ತದೆ, ನೆನಪು ಹೇಗೆ ಉಳಿಯುತ್ತದೆ, ಗುಂಪಿನಲ್ಲಿ ಮನುಷ್ಯ ಯಾಕೆ ಬೇರೆಯಾಗುತ್ತಾನೆ ಎಂಬುದನ್ನು. ಮನೋರೋಗಗಳ ಪಾಠ ಬಂದದ್ದು ಕೊನೆಯ ವರ್ಷ. ಅದರ ಸಲುವಾಗಿಯೇ ನಮ್ಮ ಮೇಷ್ಟ್ರು ಇಡೀ ತರಗತಿಯನ್ನು ಬಸ್ಸು ಮಾಡಿ ವಿಜಯಪುರದ ಒಂದು ದವಾಖಾನೆಗೆ ಕರೆದುಕೊಂಡು ಹೋದರು. ಮಾನಸಿಕ ರೋಗಿಗಳ ವಾರ್ಡಿನ ಮುಂದೆ ನಾವು ಸಾಲಾಗಿ ನಿಂತಿದ್ದಾಗ, ಎದುರಿನ ಎಲುಬಿನ ಡಾಕ್ಟರ ಕೋಣೆಯಿಂದ ಅತ್ತೆ ಮೊಣಕಾಲು ಹಿಡಿದುಕೊಂಡು ಕುಂಟುತ್ತ ಹೊರಗೆ ಬಂದಳು. ನನ್ನನ್ನು ನೋಡಿದಳು. ವಾರ್ಡಿನ ಬೋರ್ಡನ್ನೂ ನೋಡಿದಳು. ಮಾತಾಡಿಸದೆ ಹೋದಳು.

ಮುಂದೆ ಕೆಲವೇ ದಿನಗಳಲ್ಲಿ ನಿಡಗುಂದಿಯಿಂದ ನನ್ನನ್ನು ನೋಡಲು ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ ರಸಗೊಬ್ಬರದ ಅಂಗಡಿ ಇಟ್ಟವರು. ಹುಡುಗ ಚಹಾದ ಬಟ್ಟಲು ಕೈಯಲ್ಲಿ ಹಿಡಿದು, "ನೀವು ಓದೂದರಾಗ ಕನಸಿನ ಬಗ್ಗೆನೂ ಇರತೈತೇನ್ರಿ?" ಎಂದು ಕೇಳಿದ. ಅಡುಗೆ ಬರುತ್ತದೆಯೇ ಎಂದು ಕೇಳಲಿಲ್ಲ. ಇರತೈತ್ರಿ ಎಂದೆ. ಹೇಳಬೇಕು ಮತ್ತ ಒಂದ್ಸಲ ಎಂದ. ಆ ಮತ್ತೊಂದು ಸಲಕ್ಕೆ ನಾನು ಮನಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದೆ, ಯಾವ ಪಾಠದಿಂದ ಶುರು ಮಾಡುವುದು ಎಂದು ಕೂಡ. ಈಗಲೂ ಹೇಳುತ್ತೇನೆ, ಅವನು ನನಗೆ ಹಿಡಿಸಿದ್ದ.

ತಂಗಿಗೆ ಬೇಸರವಾದೀತು ಎಂದು ಅಪ್ಪ ಈ ಸಂಬಂಧದ ಸುದ್ದಿಯನ್ನು ಅತ್ತೆಯ ಮುಂದೆ ಬಿಚ್ಚಿರಲಿಲ್ಲ. ನಿಡಗುಂದಿ ಕಡೆಯವರು ಎಂದಷ್ಟೇ ಹೇಳಿದ್ದ. ಯಾರು, ಏನು ಉದ್ಯೋಗ ಎಂದು ಹೇಳಿರಲಿಲ್ಲ. ಬರುವ ವಾರ ನಿಶ್ಚಯ ಎನ್ನುವಾಗ ಮಧ್ಯಸ್ಥಿಕೆ ಮಾಡಿದವರು ಬಂದು ಕಟ್ಟೆಯ ಮೇಲೆ ಕೂತರು, ಒಳಗೆ ಬರಲಿಲ್ಲ.

"ಹುಡುಗಿನ್ನ ಹುಚ್ಚರ ವಾರ್ಡಿನ್ಯಾಗ ಕಂಡವರು ಅದಾರಂತ. ಅಲ್ಲೇ ಇಲಾಜ ನಡದೈತಿ ಅಂತ ಹೇಳ್ಯಾರ. ಅವರು ಒಲ್ಲೆ ಅಂತಾರ."

ಅಪ್ಪ ನಿಡಗುಂದಿಗೆ ಓಡಿದ. ಅಂಗಡಿಯವರು ಕೂತ ಜಾಗ ಬಿಟ್ಟು ಏಳಲಿಲ್ಲವಂತೆ. ಯಾರು ಹೇಳಿದರು ಎಂದು ಕೇಳಿದ್ದಕ್ಕೆ, ಬೇಕಾದವರೇ ಹೇಳ್ಯಾರ ಎಂದರಂತೆ. ವಾಪಸು ಬಂದ ಅಪ್ಪನಿಗೆ ನಾನು ಅತ್ತೆಯ ಹೆಸರು ಹೇಳಿದೆ. ಅಲ್ಲಿ ನನ್ನನ್ನು ನೋಡಿದ ಪರಿಚಯದ ಮುಖ ಅವಳದೊಂದೇ ಎಂದೆ. ಅಪ್ಪ ಇಂಡಿಗೆ ಹೋಗಿ ಕೇಳಿದ. ಅವಳು ಮನೆದೇವರ ಮುಂದಿನ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದಳು.

"ನಿಡಗುಂದಿ ಯಾವ ದಿಕ್ಕಿಗೈತಿ ಅಂತ ನನಗ ಗೊತ್ತಿಲ್ಲಣ್ಣ. ಅವರು ಯಾರು, ಏನ್ ಮಾಡತಾರ, ನಾ ಏನ್ ಕಂಡೇನಿ?"

ಅಪ್ಪ ಅದನ್ನು ನಂಬಿದ. ಬಂದು ನನಗೆ ಹೇಳಿದ್ದು ಒಂದೇ ಮಾತು: "ನಿನ್ನ ಓದ ನಿನಗ ಮುಳುವಾತು." ನಾಚಿಕೆಗೆ ಆಮೇಲೆ ಆ ಮನೆಯ ಮಾತನ್ನೇ ಯಾರ ಮುಂದೂ ಎತ್ತಲಿಲ್ಲ. ಸುದ್ದಿ ಮಾತ್ರ ತನ್ನ ಪಾಡಿಗೆ ತಾನು ಬಾಗೇವಾಡಿಯವರೆಗೂ ನಡೆದುಕೊಂಡು ಹೋಯಿತು. ಮುಂದೆ ಒಂದು ಸಂಬಂಧವೂ ನಮ್ಮ ಹೊಸ್ತಿಲು ದಾಟಲಿಲ್ಲ.

ನಾನು ಎಂ.ಎ. ಮಾಡಿದೆ. ಮುದ್ದೇಬಿಹಾಳದ ಕಾಲೇಜಿನಲ್ಲಿ ಅದೇ ವಿಷಯ ಕಲಿಸುವ ನೌಕರಿ ಸಿಕ್ಕಿತು. ಅವ್ವ ತೀರಿದ ಮೇಲೆ ಅಪ್ಪ ನನ್ನ ಹತ್ತಿರವೇ ಇದ್ದಾನೆ. ಅತ್ತೆಯ ಮಗಳನ್ನು ಹತ್ತಿರದ ನಾಲತವಾಡಕ್ಕೆ ಕೊಟ್ಟಿದ್ದರಿಂದ ಅತ್ತೆ ಅಲ್ಲಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲೂ ಒಂದೆರಡು ದಿನ ಇಳಿಯುತ್ತಿದ್ದಳು. ನಾನು ಬಿಸಿ ರೊಟ್ಟಿ ಬಡಿದು ಹಾಕಬೇಕು, ಅವಳು ತಿನ್ನುತ್ತ, "ಪಾಪ, ಹುಡುಗೀದು ಒಂದ ದಡ ಹತ್ತಲಿಲ್ಲ ನೋಡಣ್ಣ," ಎನ್ನಬೇಕು, ಅಪ್ಪ ತಲೆ ತಗ್ಗಿಸಬೇಕು. ಅವಳು ಹೊರಟಾಗ ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗಿ, ನೂಕಾಡಿ ಮೊದಲು ಹತ್ತಿ, ಕಿಟಕಿ ಪಕ್ಕದ ಸೀಟಿಗೆ ಟವೆಲ್ಲು ಹಾಕಿ ಹಿಡಿದು, ತಂಗಿಯನ್ನು ಕೂಡಿಸಿಯೇ ಇಳಿಯುತ್ತಿದ್ದ. ಈ ವಯಸ್ಸಿನಲ್ಲೂ. ನನಗೆ ಬೇಕಾಗಿದ್ದದ್ದು ಇಷ್ಟೇ: ನಿಡಗುಂದಿಯ ಸಂಬಂಧ ಮುರಿದದ್ದು ತಾನೇ ಎಂಬುದು ಅವಳ ಬಾಯಿಂದಲೇ ಬರಬೇಕು, ಅಪ್ಪನ ಕಿವಿಗೆ ಬೀಳಬೇಕು.

ಕಾಲ ಬದಲಾಯಿತು. ಈಗ ನಮ್ಮ ವಿಷಯಕ್ಕೆ ಹುಡುಗಿಯರ ಸಾಲು ಹತ್ತುತ್ತದೆ. ಅತ್ತೆಯ ಮೊಮ್ಮಗಳು, ನಾಲತವಾಡದವಳು, ಅದನ್ನೇ ಓದಬೇಕೆಂದು ಹಟ ಹಿಡಿದಳು. ಅತ್ತೆ ಅವಳನ್ನು ಕರೆದುಕೊಂಡು ಕಾಲೇಜಿಗೆ ಬಂದು, "ಕೂಸಿಗಿ ನಿನ್ನ ಸಬ್ಜೆಕ್ಟ್ ಕೊಡಸವಾ," ಎಂದಳು.

"ಯಾವ ಸಬ್ಜೆಕ್ಟ್ರಿ, ಅತ್ತಿ?"

"ಅದ... ನೀ ಕಲಸೂದು."

"ಹೆಸರ ಹೇಳ್ರಿ. ಅರ್ಜಿ ಬರೀಬೇಕು."

ಸುತ್ತ ಹತ್ತು ಜನ ಪಾಲಕರು ನಿಂತಿದ್ದರು. "ಮನಃಶಾಸ್ತ್ರ," ಎಂದಳು ಅತ್ತೆ, ನೆಲ ನೋಡುತ್ತ. ನನಗೆ ಭಾರಿ ಖುಷಿಯಾಯಿತು. ಹುಡುಗಿಗೆ ಸೀಟು ಅವಳ ಅಂಕದ ಮೇಲೆ ಹೇಗೂ ಸಿಗುತ್ತಿತ್ತು, ಅದನ್ನು ನಾನು ಹೇಳಲಿಲ್ಲ. ಹುಡುಗಿ ಒಳ್ಳೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ.

ನಮ್ಮಲ್ಲಿ ಪ್ರಾಕ್ಟಿಕಲ್ಲಿಗೆ ಒಂದು ಪದ್ಧತಿ ಇದೆ. ಪ್ರಯೋಗ ಮಾಡಿಸಿಕೊಳ್ಳಲು ಒಬ್ಬ ಮನುಷ್ಯ ಬೇಕು, ಅವರನ್ನು ಸಬ್ಜೆಕ್ಟ್ ಎನ್ನುತ್ತೇವೆ. ವಿದ್ಯಾರ್ಥಿಗಳೇ ಅವರನ್ನು ಮನೆಯಿಂದ ಕರೆತರುತ್ತಾರೆ. ಅಣ್ಣ, ಅತ್ತಿಗೆ, ಪಕ್ಕದ ಮನೆಯ ಟೇಲರ್, ಯಾರಾದರೂ ಸರಿ. ಪದ ಸಾಹಚರ್ಯದ ಪ್ರಯೋಗಕ್ಕೆ ವಯಸ್ಸಾದವರೊಬ್ಬರು ಬೇಕು ಎಂದಾಗ ಆ ಹುಡುಗಿ ಎದ್ದು, "ಮೇಡಂ, ನಮ್ಮ ಆಯಿ ನಿಮ್ಮ ಮನ್ಯಾಗ ಅದಾಳಲ್ರಿ, ನಾಳೆ ಇಂಡಿಗೆ ಹೊಂಟಾಳ. ಬಸ್ಸಿಗಿ ಹೋಗೂ ಮುಂದ ಕರಕೊಂಡ ಬರ್ಲೇನ್ರಿ?" ಎಂದಳು. ನಾನು ಕರಕೊಂಡು ಬಾ ಎಂದೆ. ಸಂಜೆ ಮನೆಗೆ ಬಂದು ಅತ್ತೆಗೆ ಜೋಳದ ರೊಟ್ಟಿಯ ಜೊತೆ ತುಪ್ಪವನ್ನೂ ಬಡಿಸಿದೆ. ಅಪ್ಪ ನನ್ನ ಮುಖ ನೋಡಿದ.

ಪ್ರಯೋಗ ಬಹಳ ಸರಳ. ನಾವೊಂದು ಶಬ್ದ ಓದುತ್ತೇವೆ. ಕೇಳಿದವರು ಯೋಚನೆ ಮಾಡದೆ, ಮನಸ್ಸಿಗೆ ಮೊದಲು ಬಂದ ಶಬ್ದ ಹೇಳಬೇಕು. ಎಷ್ಟು ಹೊತ್ತು ಹಿಡಿಯಿತು ಎಂದು ಸ್ಟಾಪ್‌ವಾಚ್ ಹಿಡಿದು ಬರೆಯುತ್ತೇವೆ. ತಡವಾದರೆ ಅಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಅರ್ಥ. ಅಚ್ಚಾದ ಶಬ್ದಗಳ ನಡುವೆ ನಾನು ನನ್ನ ಎರಡು ಶಬ್ದ ಸೇರಿಸಿದೆ. ಪಾಠ ಕಲಿಸುವವರು ಮಾಡಬಾರದ ಕೆಲಸ ಇದು. ಗೊತ್ತಿದ್ದೇ ಮಾಡಿದೆ.

ಅತ್ತೆ ಇಳಕಲ್ ಸೀರೆ ಉಟ್ಟು ಬಂದು ಮುಂದಿನ ಕುರ್ಚಿಯಲ್ಲಿ ಕೂತಳು. ಮೊಮ್ಮಗಳು ಸ್ಟಾಪ್‌ವಾಚ್ ಹಿಡಿದಳು. ಅಪ್ಪ ಅತ್ತೆಯ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತ. ಮಾಡಿ ತೋರಿಸುವ ನೆಪದಲ್ಲಿ ಶಬ್ದಗಳನ್ನು ನಾನೇ ಓದತೊಡಗಿದೆ.

"ನೀರು."

"ಕೊಡ."

"ಎತ್ತು."

"ಗಳೆ."

"ನಿಂಬಿಹಣ್ಣು."

"ಉಪ್ಪಿನಕಾಯಿ."

ಮಾತಿನಲ್ಲಿ ಅತ್ತೆಯನ್ನು ಹಿಡಿಯುವವರು ಯಾರು? ನನ್ನ ಬಾಯಿ ಮುಚ್ಚುವ ಮೊದಲೇ ಉತ್ತರ ಬರುತ್ತಿತ್ತು. ವಿದ್ಯಾರ್ಥಿಗಳು ಮೆಚ್ಚಿ ನಗುತ್ತಿದ್ದರು. "ಆಯಿ ಭಾಳ ಫಾಸ್ಟ್ ಅದಾಳ್ರಿ ಮೇಡಂ," ಎಂದಳು ಮೊಮ್ಮಗಳು. ಅತ್ತೆ ಸೆರಗು ಸರಿಮಾಡಿಕೊಂಡು, ಮುಂದಿನದು ಕೇಳು ಎನ್ನುವಂತೆ ಗದ್ದ ಎತ್ತಿದಳು.

"ನಿಡಗುಂದಿ," ಎಂದೆ.

"ಗೊಬ್ಬರದಂಗಡಿ."

ಅದೇ ವೇಗ. ಹೇಳಿದ್ದೇನು ಎಂದು ಅವಳಿಗೇ ತಿಳಿಯಲಿಲ್ಲ. ಮುಂದಿನ ಶಬ್ದಕ್ಕೆ ಕಾಯುತ್ತಿದ್ದಳು. ಅವಳು ತಡವರಿಸಬಹುದು, ಅದನ್ನೇ ಅಪ್ಪನಿಗೆ ತೋರಿಸಬೇಕು ಎಂದು ನಾನು ಎಣಿಸಿದ್ದೆ. ಅವಳ ಬಾಯಿ ನನಗೆ ಅದಕ್ಕಿಂತ ಹೆಚ್ಚಿನದನ್ನು ಕೊಟ್ಟಿತು. ಹಿಂದಿನ ಬೆಂಚಿನಲ್ಲಿ ಅಪ್ಪ ತಲೆ ಎತ್ತಿದ.

"ದವಾಖಾನಿ."

ಅತ್ತೆ ಬಾಯಿ ತೆರೆದಳು, ಮುಚ್ಚಿದಳು. ನನ್ನನ್ನು ನೋಡಿದಳು, ತಿರುಗಿ ಅಪ್ಪನನ್ನು ನೋಡಿದಳು. ಸ್ಟಾಪ್‌ವಾಚ್ ಓಡುತ್ತಲೇ ಇತ್ತು. "ಹೇಳ ಆಯಿ," ಎಂದು ಮೊಮ್ಮಗಳು ಮೆಲ್ಲಗೆ ಅಂದಳು. ಬಹಳ ಹೊತ್ತಿನ ಮೇಲೆ, "ಮೊಣಕಾಲು," ಎಂದಳು ಅತ್ತೆ.

ನನ್ನ ಶಬ್ದ ಮುಗಿದಿದ್ದವು. ಮುಂದಿನದು ಅಚ್ಚಿನಲ್ಲಿ ಇದ್ದದ್ದೇ.

"ಸೊಸಿ."

"ನೀ," ಎಂದಳು ಅತ್ತೆ. ಈ ಸಲ ತಡವಿರಲಿಲ್ಲ. ನೆಟ್ಟಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ತರಗತಿಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ.

"ಮೇಡಂ, ನೀ ಅಂದ್ರ ಯಾರಂತ ಬರೀಬೇಕ್ರಿ?" ಎಂದು ಒಬ್ಬ ಹುಡುಗ ಕೇಳಿದ.

"ಉತ್ತರ ಅಷ್ಟ ಬರಿ. ಅರ್ಥ ಬರೀಬ್ಯಾಡ," ಎಂದೆ.

ಪ್ರಯೋಗ ಮುಗಿಸಿ, ಮೊಮ್ಮಗಳನ್ನೂ ಉಳಿದವರನ್ನೂ ಒಳಗೆ ವರದಿ ಬರೆಯಲು ಕೂಡಿಸಿ, ಅತ್ತೆಯೊಡನೆ ವರಾಂಡಕ್ಕೆ ಬಂದಾಗ ಅಪ್ಪ ಅಲ್ಲೇ ನಿಂತಿದ್ದ.

"ಗೊಬ್ಬರದಂಗಡಿ ಅಂತ ನಿನಗ ಯಾರ ಹೇಳಿದ್ರು?" ಎಂದು ತಂಗಿಯನ್ನು ಕೇಳಿದ.

"ನೀನ ಹೇಳಿರಬೇಕಣ್ಣ."

"ನಾ ಹೇಳಿಲ್ಲ. ನಾಚಿಕಿಗಿ ಯಾರ ಮುಂದೂ ಹೇಳಿಲ್ಲ."

ಅತ್ತೆ ಕಂಬಕ್ಕೆ ಕೈ ಕೊಟ್ಟು ನಿಂತಳು. ಅಳುತ್ತಾಳೆ ಎಂದುಕೊಂಡೆ. ಅಳುವ ಹೆಂಗಸಲ್ಲ ಅವಳು.

"ಹೂಂ, ಹೋಗಿದ್ದೆ. ಊರಾಗ ಕೇಳಿಕೋತ ಅವರ ಅಂಗಡಿ ಹುಡುಕಿಕೊಂಡ ಹೋಗಿದ್ದೆ. ನಾಕ ಮಂದಿ ಮುಂದ ನನ್ನ ಮಗನ್ನ ಒಲ್ಲೆ ಅಂದಾಕಿ, ಬ್ಯಾರೆ ಮನಿಗಿ ಹೆಂಗ ಹೋದಾಳು ಅಂತ ಹೋಗಿದ್ದೆ. ಏನ್ ಮಾಡ್ತಿ ಈಗ?"

ಅಪ್ಪ ಏನೂ ಮಾಡಲಿಲ್ಲ. ಚೀಲವನ್ನು ಅವಳ ಕೈಗೆ ಕೊಟ್ಟ.

"ಬಸ್ ಬರೂ ಹೊತ್ತಾತು. ಹೋಗು."

ಅಣ್ಣ ಮುಂದೆ ನಡೆಯಲಿ ಎಂದು ಅವಳು ಒಂದು ಗಳಿಗೆ ಕಾದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿದ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿದು, ಬಿಸಿಲಿನಲ್ಲಿ ಗೇಟು ದಾಟಿ ಅವಳೊಬ್ಬಳೇ ಹೋದಳು. ಅಂದು ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಗದಿರಲಿ ಎಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ವಿದ್ಯಾರ್ಥಿಗಳು ಹೋದ ಮೇಲೆ ಅಪ್ಪ ಒಳಗೆ ಬಂದು, ಅತ್ತೆ ಕೂತಿದ್ದ ಕುರ್ಚಿಯಲ್ಲೇ ಕೂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ನೀ ಆವತ್ತ ಹೇಳಿದ್ದಿ," ಎಂದ.

ಅಲ್ಲಿಗೆ ಬಿಡಬಹುದಿತ್ತು. ಮುದುಕ, ಅದೇ ಆಗ ತಂಗಿಯನ್ನು ಕಳೆದುಕೊಂಡವ. ಆದರೆ ಅಷ್ಟು ವರ್ಷ ತಲೆ ತಗ್ಗಿಸಿಕೊಂಡು ಅವಳ ಮಾತು ಕೇಳಿದವನೂ ಇವನೇ, ನನ್ನ ಓದಿನ ಮೇಲೆ ಎಲ್ಲ ಹೊರಿಸಿದವನೂ ಇವನೇ.

"ಹೌದು, ಹೇಳಿದ್ದೆ," ಎಂದೆ. "ನೀ ಯಾಕ ನಂಬಲಿಲ್ಲ?"

ಮೇಜಿನ ಮೇಲೆ ಸ್ಟಾಪ್‌ವಾಚ್ ನಿಂತು ಬಿದ್ದಿತ್ತು. ನಾನು ಬೇರೆ ಮಾತು ಎತ್ತಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ. ಅವನು ಉತ್ತರ ಹೇಳಲಿ ಎಂದು ಎದುರಿಗೆ ನಿಂತು ಕಾಯುತ್ತಲೇ ಇದ್ದೆ.