ಎಮ್ಮೆಯ ಬಾನಿಯಲ್ಲಿ ಬಂಗಾರದ ಮೀನು

ನಾನು ದನದ ಡಾಕ್ಟರನಾಗಿ ಶಹಾಬಾದಿಗೆ ಹೋದ ಹೊಸತು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿ ಖಾಜಾಸಾಬರು ಹೇಳಿಕಳಿಸಿದಾಗ, ಎಮ್ಮೆಗೆ ಏನೋ ಆಗಿದೆ ಅಂದುಕೊಂಡೇ ಹೋದೆ. ಅವರು ಎಮ್ಮೆಯ ಮುಂದಿನಿಂದಲೇ ಕರೆದೊಯ್ದು ನನ್ನನ್ನು ಹಿತ್ತಲಿನ ಹೊಂಡದ ಮುಂದೆ ನಿಲ್ಲಿಸಿದರು. ಹೈದರಾಬಾದಿನಿಂದ ತಂದ ಬಂಗಾರದ ಮೀನುಗಳು ಮೇಲೆ ತೇಲಿ ಬಾಯಿ ಬಿಡುತ್ತಿದ್ದವು. ಒಂದು ಆಗಲೇ ಸತ್ತಿತ್ತು.

“ನಾಡಿ ನೋಡ್ರಿ, ಡಾಕ್ಟರ್ ಸಾಬ್.”

ಮೀನಿನ ನಾಡಿ ಎಲ್ಲಿರುತ್ತದೆಂದು ನನಗೆ ಯಾರೂ ಕಲಿಸಿರಲಿಲ್ಲ. ಸುಮ್ಮನೆ ಹೊಂಡದ ಗೋಡೆ ಸವರಿದೆ. ಬೆರಳಿಗೆ ಸುಣ್ಣ ಹತ್ತಿತು.

“ಇದೇನ್ರಿ ಇದು?”

“ಈದ್ ಬಂತಲ್ರಿ, ಮನಿಗೆಲ್ಲ ಸುಣ್ಣ ಹೊಡಸೀನಿ. ಹೊಂಡ ಒಂದೇ ಹೊಲಸು ಕಾಣಾಕತ್ತಿತ್ತು. ಮೀನಿಗೆ ಹಬ್ಬ ಬ್ಯಾಡೇನ್ರಿ?”

ಉಳಿದ ಮೀನುಗಳನ್ನು ಎಮ್ಮೆ ನೀರು ಕುಡಿಯುವ ಕಲ್ಲಿನ ಬಾನಿಗೆ ಹಾಕಿಸಿ, ಸ್ವಲ್ಪ ಉಪ್ಪು ಬೆರೆಸಿದೆ. ಹೊಂಡ ಉಜ್ಜಿ ತೊಳೆಯುವವರೆಗೆ ಅಲ್ಲೇ ಇರಲಿ ಎಂದೆ.

ಮರುದಿನ ಖಾಜಾಸಾಬರು ದವಾಖಾನೆಗೇ ಬಂದರು.

“ಮೀನು ಆರಾಮ ಆಗ್ಯಾವ್ರಿ. ಆದ್ರ ಎಮ್ಮಿ ಬಾಯಿ ಹಾಕಿದ್ರ ಎಲ್ಲಾ ಬಂದು ಮೂತಿಗೆ ಮುತ್ತಾಕತ್ತಾವ. ಅದು ಭಾಳ ಅಂಜ್ಯದ, ನೀರೇ ಕುಡೀವಲ್ದು.”

ಚೀಲ ಎತ್ತಿಕೊಂಡು ಎದ್ದೆ. ಅಂತೂ ನಾನು ಓದಿಕೊಂಡು ಬಂದ ಜಾತಿಯ ರೋಗಿಯೇ ಸಿಕ್ಕಿತ್ತು. ರೋಗ ಹಚ್ಚಿದವನೂ ನಾನೇ.