ಇನ್ನೂರರ ಹಟ

2014ರಲ್ಲಿ ನಾನು ಹೆಬ್ಬಾಳದ ಹತ್ತಿರ, ಕೆಂಪಾಪುರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಹಿರಿಯ ಪ್ರೋಗ್ರಾಮರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಟೈಪಿಸ್ಟ್ ಆಗಿ ಸೇರಿ, ಕೋಡ್ ಬರೆಯುವುದನ್ನು ಕೆಲಸ ಮಾಡುತ್ತಲೇ ಕಲಿತವನು. ನಮ್ಮ ಎಲ್ಲ ಸಾಫ್ಟ್‌ವೇರ್‌ಗಳೂ ನಾನು ಬರೆದ ಒಂದು ಲೈಬ್ರರಿಯ, ಅಂದರೆ ಎಲ್ಲದರಲ್ಲೂ ಮತ್ತೆ ಮತ್ತೆ ಬಳಸುವ ಕೋಡ್‌ನ ಒಂದು ಕಟ್ಟಿನ ಮೇಲೆ ನಿಂತಿದ್ದವು. ಅದರ ಒಂದು ಸಾಲನ್ನು ಯಾರಾದರೂ ಪ್ರಶ್ನಿಸಿದರೂ ನನಗೆ ಮೈ ಉರಿಯುತ್ತಿತ್ತು.

ಆ ಲೈಬ್ರರಿಯಲ್ಲಿ ಥ್ರೆಡ್ ಪೂಲ್ ಇತ್ತು. ಥ್ರೆಡ್ ಎಂದರೆ ಪ್ರೋಗ್ರಾಮಿನೊಳಗೆ ಒಂದು ಕೆಲಸ ಹಿಡಿದು ಮಾಡುವ ಆಳು ಎಂದುಕೊಳ್ಳಿ. ಅಂಥ ಆಳುಗಳನ್ನು ಸಿದ್ಧವಾಗಿಟ್ಟ ಗುಂಪೇ ಪೂಲ್. ಎಷ್ಟು ಆಳು ಬೇಕೆಂದು ಬಳಸುವವರು ಹೇಳದಿದ್ದರೆ ಲೈಬ್ರರಿಯೇ ಒಂದು ಸಂಖ್ಯೆ ಇಟ್ಟುಕೊಳ್ಳುತ್ತದೆ. ಅದು ಡಿಫಾಲ್ಟ್. ನಾನು ಇನ್ನೂರು ಎಂದು ಬರೆದಿದ್ದೆ. ನಮ್ಮ ಆಫೀಸಿನ ದೊಡ್ಡ ಸರ್ವರ್‌ನಲ್ಲಿ ಅದು ಚೆನ್ನಾಗಿ ಓಡಿತ್ತು. ಗಿರಾಕಿಗಳ ಹತ್ತಿರ ಅಂಥ ಸರ್ವರ್ ಇರುವುದಿಲ್ಲ ಎಂದು ಯೋಚಿಸಲೇ ಇಲ್ಲ.

ಆ ವರ್ಷ ಸುಮಾ ಎಂಬ ಎಂಜಿನಿಯರ್ ಸೇರಿದಳು. ಪ್ರೊಬೇಷನ್ ಮುಗಿದಿರಲಿಲ್ಲ. ಆರ್.ಟಿ. ನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ನಮ್ಮ ಸಾಫ್ಟ್‌ವೇರ್ ಹಾಕಿಕೊಟ್ಟವಳು ಅವಳೇ. ಅಲ್ಲಿದ್ದದ್ದು ನಾಲ್ಕು ಕೋರ್‌ನ, ಅಂದರೆ ಒಮ್ಮೆಗೆ ನಾಲ್ಕೇ ಕೆಲಸ ನಡೆಸಬಲ್ಲ ಸಾಧಾರಣ ಕಂಪ್ಯೂಟರ್. ವಾಪಸ್ ಬಂದವಳು ಎಲ್ಲರೆದುರೇ ಹೇಳಿದಳು:

“ಸರ್, ನಾಲ್ಕು ಒಲೆಗೆ ಇನ್ನೂರು ಜನ ಭಟ್ರನ್ನ ನಿಲ್ಸಿದೀರ. ನಾನಲ್ಲಿ ಎಂಟು ಅಂತ ಹಾಕಿ ಬಂದಿದೀನಿ. ಕೋರ್ ಎಷ್ಟಿದೆ ನೋಡ್ಕೊಂಡು ಡಿಫಾಲ್ಟೇ ಲೆಕ್ಕ ಹಾಕೋ ಹಾಗೆ ಮಾಡ್ಬಿಡಿ.”

“ಕಾಲೇಜಲ್ಲಿ ಒಲೆ ಎಣಿಸೋದು ಹೇಳ್ಕೊಟ್ರೇನಮ್ಮ? ಎಲ್ಲಾ ಕಡೆ ಇನ್ನೂರೇ ಓಡ್ತಿದೆ.”

“ಓಡ್ತಿಲ್ಲ ಸರ್, ಏದುಸಿರು ಬಿಡ್ತಿದೆ.”

ಯಾರೋ ಕಿಸಕ್ಕನೆ ನಕ್ಕರು. ಅಂದಿನಿಂದ ಅವಳ ಮುಖ ಕಂಡರೆ ನನಗಾಗುತ್ತಿರಲಿಲ್ಲ.

ಮುಂದಿನ ತಿಂಗಳು ಲ್ಯಾಬಿಗೆ ಹೊಸ ವರ್ಷನ್ ಹಾಕಲು ಶನಿವಾರ ನಾನೇ ಹೋದೆ. ಸೆಟ್ಟಿಂಗ್ ಫೈಲಿನಲ್ಲಿ ಅವಳ ಎಂಟು ಕಂಡಿತು. ಅದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಸಿಟ್ಟಿನಿಂದ ಅಳಿಸಿದೆ. ಖಾಲಿಯಾದ ಜಾಗಕ್ಕೆ ನನ್ನ ಇನ್ನೂರು ತಾನಾಗಿ ಬಂದು ಕೂತಿತು.

ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರ ನೂಕುನುಗ್ಗಲು. ಹಿಂದೆಲ್ಲ ಒಮ್ಮೆಗೆ ಎಂಟು ರಿಪೋರ್ಟ್ ತಯಾರಾಗುವಾಗ ಉಳಿದವು ಸರದಿಯಲ್ಲಿ ಕಾಯುತ್ತಿದ್ದವು. ಈಗ ಎಲ್ಲವೂ ಒಟ್ಟಿಗೆ ಶುರುವಾಗಿ, ಮೆಮೊರಿ ತುಂಬಿ, ಒಂದೂ ಮುಗಿಯಲಿಲ್ಲ. ಆಪರೇಷನ್‌ಗೆ ಕಾದಿದ್ದವರ ರಿಪೋರ್ಟುಗಳೂ ಸಿಕ್ಕಿಕೊಂಡವು. ಮಧ್ಯಾಹ್ನ ಲ್ಯಾಬಿನ ಡಾಕ್ಟರು ಆಫೀಸಿಗೇ ಬಂದು ನಮ್ಮ ಮ್ಯಾನೇಜರ್ ನಾಗೇಶರ ಮೇಜು ಗುದ್ದಿದರು. ಸಾಫ್ಟ್‌ವೇರ್ ಮೊದಲು ಯಾರು ಹಾಕಿಕೊಟ್ಟರೋ ಆ ಗಿರಾಕಿಯ ಬೈಗುಳವೂ ಅವರಿಗೇ ಎಂಬುದು ನಮ್ಮಲ್ಲಿನ ರೂಢಿ. ಸುಮಾಳನ್ನು ಕರೆಸಿದರು.

“ಎಂಟು ಹಾಕಿದ್ದೆ ಸರ್,” ಎಂದಳು.

ನಾಗೇಶ್ ನನ್ನತ್ತ ತಿರುಗಿದರು. “ಶನಿವಾರ ನೀವು ನೋಡಿದ್ರಲ್ಲ, ಏನಿತ್ತು?”

“ನಂಬರ್ರೇ ಇರ್ಲಿಲ್ಲ,” ಎಂದೆ.

“ಹಾಕ್ದೇನೇ ಹಾಕ್ದೆ ಅಂತೀರಲ್ರೀ!” ಎಂದು ನಾಗೇಶ್ ಅವಳ ಮೇಲೆ ಹಾರಿಬಿದ್ದರು. ಅವಳು ನನ್ನನ್ನೇ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ನಂಬರ್ ಇಲ್ಲದೆ ಹಿಂದಿನ ತಿಂಗಳೆಲ್ಲ ಅದು ಹೇಗೆ ಓಡಿತು ಎಂದು ಯಾರೂ ಕೇಳಲಿಲ್ಲ. ಆ ವಾರವೇ ಅವಳ ಕೆಲಸ ಹೋಯಿತು.

ಅವಳು ಹೋದ ಮೇಲೆ ಇನ್ನೂರನ್ನು ತೆಗೆದು, ಕೋರ್‌ಗಳ ಎರಡರಷ್ಟು ಎಂದು ಬರೆದೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಅದು ಎಂಟೇ ಆಯಿತು. ಕಂಪನಿ ನನ್ನ ಬೆನ್ನು ತಟ್ಟಿತು, ನಾನು ತಟ್ಟಿಸಿಕೊಂಡೆ.

2019ರಲ್ಲಿ ನಿವೃತ್ತನಾದಾಗ ಅವಳಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

“ಅಳಿಸಿದ್ದು ನೀವೇ ಅಂತ ನಂಗೆ ಅವತ್ತೇ ಗೊತ್ತಿತ್ತು. ನಾಗೇಶ್ ಸರ್‌ಗೆ ಹೇಳಿದ್ರಾ?”

“ಇಲ್ಲ.”

“ಮತ್ತೆ ನಂಗ್ಯಾಕ್ರೀ ಹೇಳ್ತಿದೀರ?” ಫೋನ್ ಇಟ್ಟಳು.

ಡಿಫಾಲ್ಟ್ ಬರೆಯುವವನು ತನ್ನ ಸರ್ವರ್ ಅಲ್ಲ, ತಾನು ಕಾಣದವರ ಕಂಪ್ಯೂಟರನ್ನು ನೆನೆಯಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು. ಆ ಕಲಿಕೆಯ ಬೆಲೆಯನ್ನು ತೆತ್ತವಳು ಬೇರೆಯವಳು. ನಾಗೇಶರು ಓದಲಿ, ಆ ದಿನ ಆಫೀಸಿನಲ್ಲಿದ್ದವರೆಲ್ಲ ಓದಲಿ: ಸುಮಾ ಸುಳ್ಳು ಹೇಳಿರಲಿಲ್ಲ. ಹೇಳಿದ್ದು ನಾನು.